ಟ್ರೈಗ್ಲಿಸರೈಡ್ ಇಳೀತು, ಎಲ್‌ಡಿಎಲ್ ಏರಿತು!

ಕಾರವಾರದ ಕೋಡಿಬಾಗದಿಂದ ಅಂಕೋಲಾ ಕಡೆಗೆ ಸೈಕಲ್ ತುಳಿಯುವವನಿಗೆ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಕೊಬ್ಬು, 290 ಹೇಗೆ ಬರುತ್ತೆ ಅಂತ ನಮ್ಮ ಗುಂಪಿನವರೆಲ್ಲ ನಕ್ಕಿದ್ದರು. ಮಾತ್ರೆ ಇಲ್ಲದೆ ಇಳಿಯೋದೇ ಇಲ್ಲ ಅಂದರು. ಈಗ 130ರ ಆಸುಪಾಸಿಗೆ ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕತೆ. ತುಪ್ಪ ಬಿಟ್ಟೆ, ಕಾಯಿ ಬಿಟ್ಟೆ. ಕಾಯಿ ಇಲ್ಲದ ಬಾಂಗಡೆ ಸಾರು ಒಮ್ಮೆ ಉಂಡು ನೋಡಿ, ಗೊತ್ತಾಗುತ್ತೆ. ಓಟ್ಸು, ಮೀನೆಣ್ಣೆ ಕ್ಯಾಪ್ಸೂಲು ಅಂತ ತಿಂಗಳಿಗೆ ಒಂದೂವರೆ ಸಾವಿರ ಕರಗಿತು. ನಂಬರ್ ಅಲ್ಲಾಡಲಿಲ್ಲ. ನನ್ನದು ಏರಿದ್ದು ಸಕ್ಕರೆ, ಅನ್ನ, ಬಿಯರಿನಿಂದ. ಇಷ್ಟು ತುಳಿದೆನಲ್ಲ ಅಂತ ಬಂದ ಕೂಡಲೇ ಎರಡು ಲೋಟ ಸಿಹಿ ಕೋಕಂ ಶರಬತ್ತು, ಎರಡು ಹೊತ್ತೂ ತಟ್ಟೆ ತುಂಬ ಅನ್ನ, ಭಾನುವಾರ ಗಡಿ ದಾಟಿ ಗೋವಾದ ಪೋಳೆಂನಲ್ಲಿ ಬಿಯರು. ಶರಬತ್ತಿಗೆ ಸಕ್ಕರೆ ಬದಲು ಉಪ್ಪು ಜೀರಿಗೆ ಬಂತು, ಪೋಳೆಂ ನಿಂತಿತು, ರಾತ್ರಿ ಅನ್ನ ನಿಂತಿತು. ಅನ್ನದ ಬದಲು ಏನು ತಿಂದೆ ಅನ್ನೋದನ್ನು ಮಾತ್ರ ಸದ್ಯಕ್ಕೆ ಹೇಳಲ್ಲ, ನಕ್ಕವರು ಮೊದಲು ಚಹಾ ಕುಡಿಸಲಿ.

ಮೂರ್ನಾಲ್ಕು ತಿಂಗಳ ಮೇಲೆ ರಿಪೋರ್ಟ್ ಬಂದಾಗ ಇನ್ನೊಂದು ಗಲಾಟೆ. ಎಲ್‌ಡಿಎಲ್, ಅದೇ ಕೆಟ್ಟ ಕೊಲೆಸ್ಟ್ರಾಲ್, 110 ಇದ್ದದ್ದು 131! ನೋಡಿದ್ಯಾ, ಕೆಡಿಸಿಕೊಂಡೆ ಅಂದರು. ಆದರೆ ನಮ್ಮ ಲ್ಯಾಬಿನಲ್ಲಿ ಎಲ್‌ಡಿಎಲ್ ನೇರವಾಗಿ ಅಳೆಯಲ್ಲ, ಲೆಕ್ಕ ಹಾಕ್ತಾರೆ. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯೋದು. ಈ ಮೂರೂ ಅದೇ ಕ್ರಮದಲ್ಲಿ ಮೊದಲು 210, 42, 290. ಈಗ 205, 48, 130. ಕಳೆಯುವ ಭಾಗ 58ರಿಂದ 26ಕ್ಕೆ ಇಳಿದರೆ ಉಳಿಯೋದು ಜಾಸ್ತಿ ಆಗಲೇಬೇಕು, ಅಲ್ವಾ? ನಾನು ನೋಡೋದು ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಮಾತ್ರ ಕಳೆದದ್ದನ್ನು. ಅದು 168ರಿಂದ 157ಕ್ಕೆ ಬಂದಿದೆ. ಟ್ರೈಗ್ಲಿಸರೈಡ್ 400 ದಾಟಿದರಂತೂ ಆ ಲೆಕ್ಕವೇ ನಡೆಯಲ್ಲ.

ಸುಮ್ನೆ ಕುತೂಹಲಕ್ಕೆ ದೇವಿಮನೆ ಘಾಟಿ ಹತ್ತಿದ ಮರುದಿನ ಟೆಸ್ಟ್ ಮಾಡಿಸಿದೆ, ಟ್ರೈಗ್ಲಿಸರೈಡ್ ತೊಂಬತ್ತು ಚಿಲ್ಲರೆ. ಮದುವೆ ಮನೆ ಪಾರ್ಟಿಯ ಮರುದಿನ, ಮುನ್ನೂರರ ಮೇಲೆ. ಪ್ರತಿ ಸಲ ಐನೂರು ರೂಪಾಯಿ, ಹೆಂಡತಿ ಬೈದಳು. ಈಗ ಟೆಸ್ಟಿಗೆ ಮೊದಲು ಎರಡು ದಿನ ಜೋರು ಸವಾರಿ ಇಲ್ಲ, ಕುಡಿತ ಇಲ್ಲ, 12 ಗಂಟೆ ಖಾಲಿ ಹೊಟ್ಟೆ, ಪ್ರತಿ ಸಲವೂ ಅದೇ ಲ್ಯಾಬು.

ಅಪ್ಪನಿಗೆ ಹೃದಯದ ತೊಂದರೆ ಇತ್ತು. ಹಾಗಾಗಿ 131ಕ್ಕೆ ಮಾತ್ರೆ ಬೇಕೋ ಬೇಡವೋ ಅನ್ನೋದನ್ನು ಡಾಕ್ಟರಿಗೇ ಬಿಟ್ಟಿದ್ದೇನೆ. ಅಪೋ-ಬಿ ಟೆಸ್ಟ್ (ಕೆಟ್ಟ ಕೊಲೆಸ್ಟ್ರಾಲ್ ಹೊರುವ ಕಣಗಳು ಎಷ್ಟಿವೆ ಅಂತ ತಿಳಿಸೋದು) ಮಾಡಿಸಿ ಅಂದಿದ್ದಾರೆ. ರಕ್ತ ಹೊರಗಡೆ ಕಳಿಸಬೇಕಂತೆ, ಸಾವಿರದ ಮೇಲಾಗುತ್ತೆ. ಮನೆಯಲ್ಲಿ ಇನ್ನೂ ಹೇಳಿಲ್ಲ.