ಚಪ್ಪರಕ್ಕೆ ಬಂದ ಹಲಸಿನ ಬಾಗಿಲುಗಳು

ಶಿರಸಿಯ ಹುಲೇಕಲ್ ಕಡೆಯ ನಮ್ಮ ತವರುಮನೆಯನ್ನು ಕೆಡವಿದಾಗ ತೊಲೆ, ಹಂಚುಗಳೆಲ್ಲ ಮಾರಾಟವಾದವು. ಉಳಿದದ್ದು ಮೂರು ಹಲಸಿನ ಬಾಗಿಲುಗಳು. ತಲೆ ತಗ್ಗಿಸಿ ದಾಟಬೇಕಾದಷ್ಟು ಗಿಡ್ಡ. ಈಗಿನ ಮನೆಗೆ ಯಾರಿಗೂ ಬೇಡ. ಕೊಟ್ಟಿಗೆಯ ಗೋಡೆಗೆ ಒರಗಿದ್ದ ಅವನ್ನು ಅಕ್ಕನ ಮಗಳ ಆರತಕ್ಷತೆಗೆಂದು ಹೊರಗೆ ತೆಗೆಸಿದೆ. ತನ್ನ ಹಿಂದೆ ಥರ್ಮಾಕೋಲಿನ ನವಿಲು ನಿಲ್ಲಿಸಕೂಡದೆಂದು ಕೂಸು ಮೊದಲೇ ಹೇಳಿಬಿಟ್ಟಿದ್ದಳು.

ಮೊದಲ ಬಾಗಿಲಿನಲ್ಲೇ ತಪ್ಪು ಮಾಡಿದೆ. ಹೊರಮೈಗೆ ಹಳೆಯ ಹಸಿರು ಬಣ್ಣ, ಒಳಮೈಗೆ ಹೊಗೆಯ ಜಿಡ್ಡು. ಎರಡೂ ಕಡೆ ಉಜ್ಜಿ ಉಜ್ಜಿ ಹಲಸಿನ ಹಳದಿ ಹೊರಬಂದಾಗ ಹಿಗ್ಗಿದೆ. ಎರಡನೆಯ ಬಾಗಿಲನ್ನು ಬಿಸಿಲಿಗೆ ತಿರುಗಿಸಿದಾಗ ಜಿಡ್ಡಿನ ಅಡಿಯಲ್ಲಿ ಅಕ್ಷರ ಕಂಡವು. ಅಜ್ಜ ಇದ್ದಿಲಿನಲ್ಲಿ ಬರೆದಿಟ್ಟ ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸದ, ಲೆಕ್ಕ: ಯಾರು ಎಷ್ಟು ದಿನ ಬಂದರು, ಯಾರಿಗೆ ಎಷ್ಟು ಮುಂಗಡ. ಮೊದಲಿನದರಲ್ಲೂ ಇದ್ದಿರಬೇಕು. ನಾನೇ ಧೂಳು ಮಾಡಿ ಊದಿಬಿಟ್ಟಿದ್ದೆ. ಉಳಿದೆರಡನ್ನು ಒಣಬಟ್ಟೆಯಲ್ಲಿ ಮೆಲ್ಲಗೆ ಒರೆಸಿ ಬಿಟ್ಟೆ. ಒಳಮೈಯೇ ಜನರ ಕಡೆಗಿರಲಿ ಎಂದು ಆಗಲೇ ನಿಶ್ಚಯಿಸಿದೆ.

ಹಳೆಯ ಎನಾಮೆಲ್ ಬಣ್ಣವನ್ನು ಒಣದಾಗಿ ಉಜ್ಜುವುದು ಒಳ್ಳೆಯದೂ ಅಲ್ಲ. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಕೂಡದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಹಿಂದಿನ ಬಣ್ಣದಲ್ಲಿ ಎಷ್ಟಿತ್ತೋ ನೋಡಿದವರು ಯಾರು? ನೀರು ಹಚ್ಚಿ, ಸೂಕ್ಷ್ಮ ಧೂಳು ತಡೆಯುವ ಮುಖಗವಸು ಹಾಕಿ, ಮಕ್ಕಳನ್ನು ದೂರವಿಟ್ಟು ಉಜ್ಜಬೇಕು.

ಉಜ್ಜಿದ ಬಾಗಿಲಿಗೆ ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಿದೆ. ನಮ್ಮ ಹವೆಯಲ್ಲಿ ಅದು ಬೇಗ ಒಣಗುವುದಿಲ್ಲ. ಬಿಳಿ ಬಟ್ಟೆ ತಿಕ್ಕಿ, ಕಲೆ ಬಾರದ ಮೇಲೆಯೇ ರೇಷ್ಮೆ ಸೀರೆಯವರನ್ನು ಹತ್ತಿರ ಬಿಡಬೇಕು. ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಏರಿ ತಾನಾಗಿಯೇ ಬೆಂಕಿ ಹಿಡಿಯಬಲ್ಲದು. ನಾನು ಬೇಲಿಯ ಮೇಲೆ ಹರವಿ ಒಣಗಿಸಿದೆ.

ನಿಲ್ಲಿಸುವುದು ಅದಕ್ಕಿಂತ ದೊಡ್ಡ ಕೆಲಸವಾಯಿತು. ಇವುಗಳಿಗೆ ಬಿಜಾಗರಿ ಇಲ್ಲ. ಮೇಲೆ ಕೆಳಗೆ ಮರದಲ್ಲೇ ಬಿಟ್ಟ ಗೂಟ, ಅದು ದಾರಂದದ ಕುಳಿಯಲ್ಲಿ ತಿರುಗುತ್ತದೆ. ಕೆಳಗಿನ ಗೂಟದಿಂದಾಗಿ ಬಾಗಿಲು ನೆಲದ ಮೇಲೆ ಕುಂಟುತ್ತದೆ. ಬಡಗಿ ಕತ್ತರಿಸಿಬಿಡೋಣವೆಂದ, ನಾನು ಒಪ್ಪಲಿಲ್ಲ. ತೂತು ಕೊರೆದ ದಪ್ಪ ಹಲಗೆಯಲ್ಲಿ ಗೂಟ ಇಳಿಸಿ, ಮೂರನ್ನೂ ಸ್ವಲ್ಪ ಕೋನವಾಗಿ ನಿಲ್ಲಿಸಿ, ಹಿಂದಿನಿಂದ ಅಡಿಕೆ ದಬ್ಬೆಯ ಊರೆ ಕೊಟ್ಟು ಚಪ್ಪರದ ಕಂಬಕ್ಕೆ ಬಿಗಿದೆವು. ಒಂದೊಂದು ಬಾಗಿಲು ಸುಮಾರು 30 ಕಿಲೋ. ಮದುವೆಮನೆಯಲ್ಲಿ ಮಕ್ಕಳು ಓಡುತ್ತಲೇ ಇರುತ್ತಾರೆ, ಸುಮ್ಮನೆ ಒರಗಿಸಿಡುವಂತಿಲ್ಲ.

ಇನ್ನು ಬಾಗಿಲುಗಳಿಗೆ ತೂಗುಹಾಕುವ ಹಳೆಯ ಫೋಟೊಗಳು. ಆಯಿ, ನನ್ನ ಅಮ್ಮ, ಮುಖ ಗಂಟಿಕ್ಕಿದಳು. "ಮದುವೆಯ ದಿನ ತೀರಿಹೋದವರ ಫೋಟೊ ತೂಗುಹಾಕುತ್ತೀಯೇನೇ?" ಗಂಧದ ಹಾರ ಹಾಕಿದ ಒಂದನ್ನೂ ತರುವುದಿಲ್ಲ, ಮದುವೆಯ ದಿನ ತೆಗೆಸಿದವು ಮಾತ್ರ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಟ್ರಂಕಿನ ಬೀಗದ ಕೈ ಕೊಟ್ಟಳು.

ಮಳೆಗಾಲದ ತೇವಕ್ಕೆ ಕೆಲವು ಫೋಟೊ ಗಾಜಿಗೇ ಅಂಟಿದ್ದವು. ಕೀಳಲು ಹೋದರೆ ಮುಖ ಗಾಜಿನ ಮೇಲೇ ಉಳಿಯುತ್ತದೆ. ಗಾಜಿನೊಂದಿಗೇ ಜಗಲಿಯ ನೆರಳಿನಲ್ಲಿಟ್ಟು, ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ಸಮಾನಾಂತರ ಹಿಡಿದು ತೆಗೆದೆ. ಎದುರಿಗೆ ಕಪ್ಪು ಕಂಬಳಿ ಕಟ್ಟಿದ್ದರಿಂದ ನನ್ನ ಪ್ರತಿಬಿಂಬ ಬೀಳಲಿಲ್ಲ. ಹೊಳಪಿಲ್ಲದ ಕಾಗದದಲ್ಲಿ ಮುದ್ರಿಸಲು ಕೊಟ್ಟರೆ ಅಂಗಡಿಯವರು ಕೇಳದೆಯೇ ಎಲ್ಲರ ಮುಖ ಬೆಳ್ಳಗೆ ಮಾಡಿಟ್ಟಿದ್ದರು. ಅಜ್ಜಿ ಹಿಟ್ಟಿನ ಡಬ್ಬದಿಂದ ಎದ್ದುಬಂದಂತಿದ್ದಳು. ಎಲ್ಲವನ್ನೂ ಮತ್ತೆ ಮುದ್ರಿಸಬೇಕಾಯಿತು.

ಚೌಕಟ್ಟಿಗೆ ಅಡಿಕೆ ಹಾಳೆ. ನೀರಿನಲ್ಲಿ ನೆನೆಸಿ ಮೆತ್ತಗಾದ ಮೇಲೆ ಹಲಗೆಯ ನಡುವೆ ಇಟ್ಟು, ಮೇಲೆ ಒರಳುಕಲ್ಲು ಹೇರಿ ಚಪ್ಪಟೆ ಮಾಡಿದೆ. ಆಮೇಲೆ ಕಡಕ್ ಬಿಸಿಲು. ಅವಸರ ಮಾಡಿದ ನಾಲ್ಕಕ್ಕೆ ಬೂಷ್ಟು ಬಂತು. ಮೊಳೆ ಹೊಡೆಯಲಿಲ್ಲ, ಬಾಳೆಯ ನಾರಿನಲ್ಲಿ ಚಿಲಕಕ್ಕೂ ಅಗುಳಿಗೂ ಕಟ್ಟಿ ತೂಗುಬಿಟ್ಟೆ.

ಆ ಸಂಜೆ ಮುಯ್ಯಿಯ ಸಾಲು ಮುಂದಕ್ಕೇ ಹೋಗಲಿಲ್ಲ. ಫೋಟೊದವರನ್ನು ಗುರುತಿಸುತ್ತ ನಿಂತವರು ಲೆಕ್ಕವನ್ನೂ ಓದತೊಡಗಿದ್ದರು. ನಮ್ಮ ತೋಟಕ್ಕೆ ಕೊನೆ ಇಳಿಸಲು ಬರುತ್ತಿದ್ದವರ ಮಗ, ಈಗ ಅವರೂ ಅಜ್ಜ, ಕನ್ನಡಕ ಏರಿಸಿ ತಮ್ಮ ಅಪ್ಪಯ್ಯನ ಹೆಸರು ಹುಡುಕಿದರು. ಎದುರಿಗೆ ಏಳು ರೂಪಾಯಿ ಬಾಕಿ ಎಂದಿತ್ತು. ಅವರು ಕಿಸೆಯಿಂದ ಹತ್ತರ ನೋಟು ತೆಗೆದು ಮದುಮಗಳ ಕೈಯಲ್ಲಿಟ್ಟು, ಚಿಲ್ಲರೆ ಕೇಳಿದರು.