ನಿಮ್ಮ ಎಮ್ಮೆಲ್ಲೆ ಕಬ್ಬಿನ ಪರವೋ, ಫ್ಯಾಕ್ಟರಿ ಪರವೋ? ನೋಡೋದು ಹೀಗೆ

ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಶುರುವಾದರೆ ಸುವರ್ಣ ಸೌಧದ ಹೊರಗೆ ಯಾರು ಟೆಂಟ್ ಹಾಕಿದ್ದಾರೆ ಅಂತ ಎಲ್ಲರಿಗೂ ಗೊತ್ತಿರುತ್ತೆ. ಒಳಗೆ ನಮ್ಮ ಎಮ್ಮೆಲ್ಲೆ ಏನು ಮಾಡಿದರು ಅಂತ ಕೇಳಿ ನೋಡಿ, ಯಾರೂ ಬಾಯಿ ಬಿಡಲ್ಲ.

ಯಾವ ಮಸೂದೆಗೆ ಹೌದು ಅಂದರು, ಯಾವುದಕ್ಕೆ ಇಲ್ಲ ಅಂದರು ಅನ್ನೋ ಪಟ್ಟಿ ಹುಡುಕಬೇಡಿ. ನಮ್ಮಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಪಾಸಾಗುತ್ತವೆ, ಯಾರು ಏನು ಕೂಗಿದರು ಅಂತ ಬರೆದಿಡುವುದಿಲ್ಲ. ತಲೆ ಎಣಿಸಿದರೂ ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನೋ ಆದೇಶ, ಇರುತ್ತೆ; 1985ರ ಪಕ್ಷಾಂತರ ನಿಷೇಧದ ಕಾನೂನು ಬಂದ ಮೇಲೆ ಅದನ್ನು ಮೀರಿದರೆ ಸೀಟಿಗೇ ಕುತ್ತು. ಮಸೂದೆ ತರುವುದೂ ಹೆಚ್ಚಾಗಿ ಮಂತ್ರಿಗಳೇ. ಪಾರ್ಲಿಮೆಂಟಿನಲ್ಲಂತೂ ಖಾಸಗಿ ಸದಸ್ಯರ (ಮಂತ್ರಿಯಲ್ಲದವರ) ಮಸೂದೆ ಕಾನೂನಾಗಿದ್ದು ಇಲ್ಲಿಯವರೆಗೆ 14 ಮಾತ್ರ, ಕೊನೆಯದು 1970ರಲ್ಲಿ.

ಹಾಗಾದರೆ ಏನು ನೋಡಬೇಕು? ಪ್ರಶ್ನೆಗಳನ್ನು. ವಿಧಾನಸಭೆಯ ವೆಬ್‌ಸೈಟಿನಲ್ಲಿ ಚುಕ್ಕೆ ಗುರುತಿನ (ಸದನದಲ್ಲೇ ಬಾಯಿಮಾತಿನ ಉತ್ತರ ಕೇಳುವ) ಮತ್ತು ಚುಕ್ಕೆ ಗುರುತಿಲ್ಲದ (ಬರಹದಲ್ಲಿ ಉತ್ತರ ಬರುವ) ಪ್ರಶ್ನೆಗಳು ಉತ್ತರದ ಸಮೇತ ಸಿಗುತ್ತವೆ. ಹಳೆಯ ಪಿಡಿಎಫ್‌ಗಳಲ್ಲಿ ಹೆಸರು ಟೈಪ್ ಮಾಡಿ ಹುಡುಕೋಕೆ ಹೋಗಿ ನಾನು ಅರ್ಧ ದಿನ ಕಳೆದುಕೊಂಡೆ, ಎಷ್ಟೋ ಬರೀ ಸ್ಕ್ಯಾನ್ ಮಾಡಿದ ಹಾಳೆ. ಕಣ್ಣಾಡಿಸುವುದೇ ವಾಸಿ.

ಪ್ರಶ್ನೆಯ ಮಾತು ಗಮನಿಸಿ. ‘ಜಿಲ್ಲೆಯ ಕಾರ್ಖಾನೆಗಳು ರೈತರಿಗೆ ಕೊಡಬೇಕಾದ ಬಾಕಿ ಎಷ್ಟು?’ ಅಂತ ಒಬ್ಬರು ಕೇಳುತ್ತಾರೆ ಅಂದುಕೊಳ್ಳಿ. ಇನ್ನೊಬ್ಬರು ‘ಕಾರ್ಖಾನೆಗಳು ಕಬ್ಬಿನ ಸಿಪ್ಪೆಯಿಂದ ತಯಾರಿಸಿ ಮಾರಿದ ಕರೆಂಟಿನ ದುಡ್ಡು ಸರ್ಕಾರ ಯಾವಾಗ ಕೊಡುತ್ತೆ?’ ಅಂತಾರೆ. ಎರಡೂ ಸಕ್ಕರೆ ಉದ್ಯಮದ್ದೇ, ಆದರೆ ಮೊದಲನೆಯದು ಬೆಳೆಗಾರನದು, ಎರಡನೆಯದು ಮಾಲೀಕನದು. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ ಕೊಡಬೇಕು, ತಡವಾದರೆ ವರ್ಷಕ್ಕೆ 15% ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತೆ. ಬಾಕಿ ಬಗ್ಗೆ ಎಲ್ಲರೂ ಕೇಳಬಹುದು. ಆ ಬಡ್ಡಿ ಬಗ್ಗೆ ಯಾರು ಕೇಳಿದ್ದಾರೆ ನೋಡಿ, ನನ್ನ ಪ್ರಕಾರ ಅದೇ ಅಸಲಿ ಪರೀಕ್ಷೆ.

ಮಂತ್ರಿಯಾದವರು ಪ್ರಶ್ನೆ ಕೇಳಲ್ಲ, ಅವರ ಲೆಕ್ಕ ಸೊನ್ನೆ ಅಂತ ಬೈಬೇಡಿ. ಅವರ ಇಲಾಖೆಯ ಆದೇಶ ನೋಡಿ.

ಆಮೇಲೆ ಒಂದೊಂದು ದಂಧೆಗೆ ಬೇರೆ ಬೇರೆ ಲೆಕ್ಕ ಹಾಕಿ. 2023ರ ಫೆಬ್ರವರಿಯಲ್ಲಿ ರಾಜ್ಯ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿ ಇಟ್ಟುಕೊಂಡೇ ದಿನಕ್ಕೆ 12 ಗಂಟೆವರೆಗೆ ದುಡಿಸೋಕೆ ದಾರಿ ಮಾಡಿದರು, ಹೆಂಗಸರಿಗೆ ರಾತ್ರಿ ಪಾಳಿಯೂ ಬಂತು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ (ಲೋಹ ಎರಕದ ಕಾರ್ಖಾನೆ) ಮಾಲೀಕ ಅದನ್ನು ಓದುವುದೇ ಬೇರೆ, ಭಟ್ಟಿ ಮುಂದೆ ನಿಂತವನು ಓದುವುದೇ ಬೇರೆ. ಬನಹಟ್ಟಿಯಲ್ಲಿ ಮನೆಯಲ್ಲೇ ಎರಡು ಮಗ್ಗ ಇಟ್ಟುಕೊಂಡ ನೇಕಾರನಿಗೆ ಅದು ತಟ್ಟೋದೇ ಇಲ್ಲ. ಅವನಿಗೆ ಬೇಕಾದದ್ದು ಕರೆಂಟ್ ಸಬ್ಸಿಡಿ, ಅದು ಬಜೆಟ್‌ನಲ್ಲಿ, ಸರ್ಕಾರಿ ಆದೇಶದಲ್ಲಿ ಸಿಗುತ್ತೆ.

ಎಫ್‌ಆರ್‌ಪಿ (ಕಬ್ಬಿಗೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ), ಸಕ್ಕರೆಯ ಕನಿಷ್ಠ ಮಾರಾಟ ದರ, ಎಥನಾಲ್ ದರ ಎಲ್ಲಾ ದಿಲ್ಲಿಯಲ್ಲಿ ನಿರ್ಧಾರ ಆಗುತ್ತವೆ. ಅದಕ್ಕೆ ಎಮ್ಮೆಲ್ಲೆ ಅಲ್ಲ, ಎಂಪಿ ಕಡತ ತೆಗೆಯಿರಿ. ಶಾಸನಸಭೆಗಳ ಕೆಲಸ ಗಮನಿಸುವ ಪಿಆರ್‌ಎಸ್ ಸಂಸ್ಥೆಯ ತಾಣದಲ್ಲಿ ಎಂಪಿಗಳ ಹಾಜರಿ, ಪ್ರಶ್ನೆ, ಚರ್ಚೆ ಒಂದೇ ಕಡೆ ಇವೆ.

ಕೊನೆಗೆ ಎಮ್ಮೆಲ್ಲೆ ಚುನಾವಣೆ ವೇಳೆ ಕೊಟ್ಟ ಆಸ್ತಿ ವಿವರದ ಅಫಿಡವಿಟ್ ತೆಗೆದು ಪ್ರಶ್ನೆಗಳ ಪಕ್ಕ ಇಡಿ. ನಮ್ಮ ಕಡೆಯ ರಾಜಕೀಯಕ್ಕೂ ಸಕ್ಕರೆ ಕಾರ್ಖಾನೆಗೂ ಇರುವ ನಂಟು ಗುಟ್ಟೇನಲ್ಲ, ಅಲ್ವಾ? ಅವರ ಹೆಸರಿನ ಕಾಲಂ ಒಂದನ್ನೇ ನೋಡಿ ಮುಚ್ಚಿಡಬೇಡಿ. ಪಕ್ಕದಲ್ಲೇ ಹೆಂಡತಿ ಅಥವಾ ಗಂಡನ ಷೇರುಗಳ ಕಾಲಂ ಇರುತ್ತೆ.