ಫಾರಂ ತುಂಬಿಸಿದ್ದಾಯಿತು, ಇನ್ನು ಲೆಕ್ಕ ಕೇಳುವುದು ಹೇಗೆ?

ಮೊಬೈಲಿನಲ್ಲಿ ಸಮೀಕ್ಷೆ ಮಾಡಿಸುವುದು ಈಗ ಕಷ್ಟವಲ್ಲ. ಪೇಚಾಟ ಶುರುವಾಗುವುದು ಫಾರಂಗಳೆಲ್ಲ ಬಂದು ಸೇರಿದ ಮೇಲೆ. 'ಅರವತ್ತು ದಾಟಿದವರಿರುವ ಮನೆ ಎಷ್ಟು?' ಎಂದು ಯಾರೋ ಕೇಳುತ್ತಾರೆ. ನಾವು ಎಕ್ಸೆಲ್ ತೆರೆದು ಫಿಲ್ಟರ್ ಹಾಕುತ್ತಾ ಕೂರುತ್ತೇವೆ. ಒಂದು ಫಾರಂಗೆ ಒಂದೇ ಸಾಲು ಎಂದಾದರೆ ಅದು ಸಾಕು. ಆದರೆ ಒಂದು ಮನೆಯಲ್ಲಿ ಇಬ್ಬರು, ಪಕ್ಕದಲ್ಲಿ ಒಂಬತ್ತು ಜನ ಎಂದಾಗ 'ಸದಸ್ಯ 1 ವಯಸ್ಸು', 'ಸದಸ್ಯ 2 ವಯಸ್ಸು' ಎಂದು ಕಾಲಂಗಳು ಬಲಕ್ಕೆ ಬೆಳೆಯುತ್ತಲೇ ಹೋಗುತ್ತವೆ, ಅರ್ಧಕ್ಕರ್ಧ ಖಾಲಿ.

ಇಂಥ ಕೆಲಸಕ್ಕೆಂದೇ ಒಂದು ಪ್ರಶ್ನಾಭಾಷೆ ಇದೆ: ಎಕ್ಸ್‌ಕ್ವೆರಿ. ಎಕ್ಸ್‌ಫಾರ್ಮ್ಸ್ ಎಂಬ ಮಾನದಂಡ 2003ರಲ್ಲಿ ಬಂತು. ಅದನ್ನು ಆಧರಿಸಿದ ಒಡಿಕೆಯಂಥ ಸಮೀಕ್ಷಾ ಸಲಕರಣೆಗಳು ತುಂಬಿದ ಪ್ರತಿ ಫಾರಂ ಅನ್ನೂ ಎಕ್ಸ್‌ಎಂಎಲ್ ರೂಪದಲ್ಲಿ ಇಡುತ್ತವೆ. ಎಕ್ಸ್‌ಎಂಎಲ್ ಎಂದರೆ ಸಾಲು-ಕಾಲಂ ಅಲ್ಲ, ಡಬ್ಬಿಯೊಳಗೆ ಡಬ್ಬಿ. ಅದನ್ನು ಕೇಳುವ ಭಾಷೆಯೇ ಎಕ್ಸ್‌ಕ್ವೆರಿ, 2007ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ ಒಪ್ಪಿದ್ದು. 1974ರಲ್ಲಿ ಐಬಿಎಂನಲ್ಲಿ ರೇಮಂಡ್ ಬಾಯ್ಸ್ ಜೊತೆ ಸಾಲು-ಕಾಲಂಗಳ ಪ್ರಶ್ನಾಭಾಷೆ ಎಸ್‌ಕ್ಯುಎಲ್‌ಗೆ ಬುನಾದಿ ಹಾಕಿದ ಡೊನಾಲ್ಡ್ ಚೇಂಬರ್ಲಿನ್ ಇದರ ರಚನೆಯಲ್ಲೂ ಇದ್ದರು. ಎಸ್‌ಕ್ಯುಎಲ್ ಗೊತ್ತಿದ್ದವರಿಗೆ ಇದರ ಧಾಟಿ ಪರಿಚಿತ ಅನ್ನಿಸುವುದು ಅದಕ್ಕೇ.

ಮೊದಲು ಒಂದು ಫಾರಂ ಬಿಚ್ಚಿ ನೋಡಿ

ಬೇಸ್‌ಎಕ್ಸ್ ಎಂಬ ಉಚಿತ ತಂತ್ರಾಂಶ ಕಲಿಕೆಗೆ ಚೆನ್ನಾಗಿದೆ. ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಕಂಪ್ಯೂಟರಿನಲ್ಲಿ ಜಾವಾ ಇರಬೇಕು, ಅಷ್ಟೆ. ಡೇಟಾಬೇಸ್ ಮೆನುವಿನಲ್ಲಿ ಹೊಸದು ಎಂದು ಆರಿಸಿ, ಫಾರಂಗಳಿರುವ ಫೋಲ್ಡರ್ ತೋರಿಸಿದರೆ ಎಲ್ಲವನ್ನೂ ಒಳಗೆಳೆದುಕೊಳ್ಳುತ್ತದೆ.

ಕ್ವೆರಿ, ಎಂದರೆ ಈ ಭಾಷೆಯ ಪ್ರಶ್ನೆ, ಬರೆಯುವ ಆತುರ ಬೇಡ. ಒಂದು ಫಾರಂ ತೆರೆದು, ಯಾವ ಡಬ್ಬಿಯಲ್ಲಿ ಏನಿದೆ ಎಂದು ಕಣ್ಣಾಡಿಸಿ. ನಮ್ಮ ಉದಾಹರಣೆ ಇದು, ಒಂದು ಮನೆಗೆ ಒಂದು ಅರ್ಜಿ:

<ಅರ್ಜಿ ಸಂಖ್ಯೆ="17">
  <ನೀರು>ನಲ್ಲಿ ಬಾವಿ</ನೀರು>
  <ಸದಸ್ಯ><ಹೆಸರು>ಸುಮಾ</ಹೆಸರು><ವಯಸ್ಸು>12</ವಯಸ್ಸು><ಶಾಲೆ>ಹೌದು</ಶಾಲೆ></ಸದಸ್ಯ>
  <ಸದಸ್ಯ><ಹೆಸರು>ರವಿ</ಹೆಸರು><ವಯಸ್ಸು>9</ವಯಸ್ಸು><ಶಾಲೆ>ಇಲ್ಲ</ಶಾಲೆ></ಸದಸ್ಯ>
  <ಸದಸ್ಯ><ಹೆಸರು>ಗಿರಿಜಾ</ಹೆಸರು><ವಯಸ್ಸು>63</ವಯಸ್ಸು></ಸದಸ್ಯ>
</ಅರ್ಜಿ>

ಟ್ಯಾಗುಗಳು, ಎಂದರೆ ಡಬ್ಬಿಗಳ ಹೆಸರುಗಳು, ಕನ್ನಡದಲ್ಲಿವೆ ಎಂದು ಹುಬ್ಬೇರಿಸಬೇಡಿ. ಎಕ್ಸ್‌ಎಂಎಲ್‌ಗೆ ಅದು ಪೂರಾ ಒಪ್ಪಿಗೆ. ಭಾಷೆಯ ಸ್ವಂತ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲೇ, ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು. ಕೆಳಗೆ ಬರುವ ಕೌಂಟ್, ಫಾರ್, ವೇರ್ ಇತ್ಯಾದಿ ಅಂಥವು.

ದಾರಿ ಹೇಳಿ, ಷರತ್ತು ಹಾಕಿ

ಎಕ್ಸ್‌ಕ್ವೆರಿಯ ಅರ್ಧ ಭಾಗ ಎಕ್ಸ್‌ಪಾತ್, ಎಂದರೆ ದಾರಿ ಹೇಳುವುದು. //ಹೆಸರು ಎಂದು ಬರೆದು ಓಡಿಸಿದರೆ ಎಲ್ಲ ಫಾರಂಗಳ ಎಲ್ಲ ಹೆಸರೂ ಬರುತ್ತವೆ. ಎರಡು ಗೀಟಿನ ಅರ್ಥ 'ಎಷ್ಟೇ ಒಳಗಿರಲಿ, ಹುಡುಕು'. ಷರತ್ತು ಬೇಕಾದರೆ ಚೌಕ ಕಂಸ. ಅದನ್ನು ಎಲ್ಲಿ ಹಾಕುತ್ತೀರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ:

ಕೌಂಟ್(//ಅರ್ಜಿ[ಸದಸ್ಯ/ವಯಸ್ಸು > 60])
ಕೌಂಟ್(//ಸದಸ್ಯ[ವಯಸ್ಸು > 60])

ಮೊದಲನೆಯದು ಮನೆಗಳ ಲೆಕ್ಕ, ಎರಡನೆಯದು ಜನರ ಲೆಕ್ಕ. ಅಜ್ಜ ಅಜ್ಜಿ ಇಬ್ಬರೂ ಇರುವ ಮನೆ ಮೊದಲನೆಯದರಲ್ಲಿ ಒಂದು, ಎರಡನೆಯದರಲ್ಲಿ ಎರಡು. ಆದ್ದರಿಂದ ಕ್ವೆರಿಗೆ ಮೊದಲು ಪ್ರಶ್ನೆಯನ್ನು ಕನ್ನಡದಲ್ಲಿ ಒಂದು ವಾಕ್ಯ ಬರೆದುಕೊಳ್ಳಿ, ಎಣಿಸಬೇಕಾದ್ದಕ್ಕೆ ಅಡಿಗೆರೆ ಎಳೆಯಿರಿ. ಕ್ವೆರಿ ತಪ್ಪಿದೆ ಎಂದು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರ ಪ್ರಶ್ನೆಯೇ ಮಸುಕಾಗಿರುತ್ತದೆ.

ಪಟ್ಟಿ ಬೇಕಾದರೆ ಫಾರ್, ಲೆಟ್, ವೇರ್, ಆರ್ಡರ್ ಬೈ, ರಿಟರ್ನ್. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು 'ಫ್ಲವರ್' ಎನ್ನುತ್ತಾರೆ. ಶಾಲೆ ಬಿಟ್ಟ ಮಕ್ಕಳ ಹೆಸರು, ಚಿಕ್ಕವರು ಮೊದಲು:

ಫಾರ್ $ಸ ಇನ್ //ಸದಸ್ಯ
ವೇರ್ $ಸ/ಶಾಲೆ = "ಇಲ್ಲ"
ಆರ್ಡರ್ ಬೈ ನಂಬರ್($ಸ/ವಯಸ್ಸು)
ರಿಟರ್ನ್ $ಸ/ಹೆಸರು

$ಸ ಎಂಬುದು ಒಬ್ಬೊಬ್ಬ ಸದಸ್ಯರಿಗೂ ಸರದಿಯಲ್ಲಿ ಸಿಗುವ ತಾತ್ಕಾಲಿಕ ಹೆಸರು. ಆ ನಂಬರ್ ಯಾಕೆ? ಅದನ್ನು ತೆಗೆದು ಓಡಿಸಿ ನೋಡಿ. 7, 9, 10, 12 ಎಂದು ಬರಬೇಕಾದದ್ದು 10, 12, 7, 9 ಎಂದು ಬರುತ್ತದೆ. ಫಾರಂನಲ್ಲಿರುವುದು ಅಂಕಿಯಲ್ಲ, ಅಂಕಿಯಂತೆ ಕಾಣುವ ಅಕ್ಷರ. ಹಾಗಾಗಿ ಜೋಡಣೆ ನಿಘಂಟಿನ ಕ್ರಮದಲ್ಲಿ ಆಗುತ್ತದೆ.

ನನ್ನನ್ನು ಬೀಳಿಸಿದ ಗುಂಡಿ

ಒಮ್ಮೆ ಒಂದು ಸಂಸ್ಥೆಗೆ 'ಯಾವ ಮಗುವೂ ಶಾಲೆ ಬಿಟ್ಟಿಲ್ಲದ ಮನೆಗಳ' ಪಟ್ಟಿ ಮಾಡಿಕೊಟ್ಟೆ. ಬರೆದದ್ದು ಹೀಗೆ:

//ಅರ್ಜಿ[ಸದಸ್ಯ/ಶಾಲೆ != "ಇಲ್ಲ"]

!= ಎಂದರೆ 'ಸಮವಲ್ಲ'. ಓದಿದರೆ ಸರಿಯಾಗಿಯೇ ಇದೆ. ಪಟ್ಟಿಯಲ್ಲಿ ಮೇಲಿನ 17ನೇ ಮನೆಯಂಥವು ಸಾಲುಸಾಲು ಇದ್ದವು. ರವಿ ಶಾಲೆಗೆ ಹೋಗುತ್ತಿಲ್ಲವಲ್ಲ! ಇಲ್ಲಿ ಹೋಲಿಕೆ ಒಂದಕ್ಕೊಂದು ಅಲ್ಲ, ಗುಂಪಿನ ಜೊತೆ. 'ಇಲ್ಲ ಎಂಬುದನ್ನು ಬಿಟ್ಟು ಬೇರೆ ಉತ್ತರ ಕೊಟ್ಟವರು ಒಬ್ಬರಾದರೂ ಇದ್ದಾರೆಯೇ?' ಎಂದು ಭಾಷೆ ಕೇಳಿಕೊಂಡಿತು. ಸುಮಾಳ 'ಹೌದು' ಸಿಕ್ಕಿತು, ಮನೆ ಪಟ್ಟಿಗೆ ಸೇರಿತು. ಸರಿಯಾದದ್ದು:

//ಅರ್ಜಿ[ನಾಟ್(ಸದಸ್ಯ/ಶಾಲೆ = "ಇಲ್ಲ")]

'ಇಲ್ಲ ಎಂದವರು ಒಬ್ಬರೂ ಸಿಗದ ಮನೆ.' ಇದಕ್ಕೂ ಒಂದು ಬಾಲ ಇದೆ. ಮಕ್ಕಳೇ ಇಲ್ಲದ ಮನೆಯಲ್ಲಿ 'ಇಲ್ಲ' ಎಂದವರು ಇರುವುದಿಲ್ಲ, ಹಾಗಾಗಿ ಅದೂ ಬರುತ್ತದೆ. ಬೇಡವಾದರೆ ಮುಂದೆ ಇನ್ನೊಂದು ಕಂಸ: [ಸದಸ್ಯ/ಶಾಲೆ]. ಕನಿಷ್ಠ ಒಂದು ಶಾಲೆಯ ಉತ್ತರ ಇರಲಿ ಎಂದರ್ಥ.

ಇನ್ನಷ್ಟು ಸಣ್ಣಪುಟ್ಟವು

ಕ್ವೆರಿ ಓಡುತ್ತದೆ, ದೋಷವೂ ಇಲ್ಲ, ಉತ್ತರವೂ ಇಲ್ಲ. ಹೊಸಬರು ಕೈಚೆಲ್ಲುವುದು ಇಲ್ಲೇ. ಟ್ಯಾಗಿನ ಕಾಗುಣಿತ ನೋಡಿ. ಇಂಗ್ಲಿಷ್ ಟ್ಯಾಗಾದರೆ ದೊಡ್ಡಕ್ಷರ ಸಣ್ಣಕ್ಷರ ನೋಡಿ. ಅವು ಸರಿಯಿದ್ದರೆ ಫಾರಂನ ತಲೆಯಲ್ಲಿ ನೇಮ್‌ಸ್ಪೇಸ್ ಘೋಷಣೆ ಇದೆಯೇ ಎಂದು ನೋಡಿ. ಅದು ಟ್ಯಾಗುಗಳಿಗೆಲ್ಲ ಮನೆತನದ ಹೆಸರು ಇಟ್ಟಂತೆ. ಬರಿ ಹೆಸರು ಹಿಡಿದು ಕರೆದರೆ ಯಾರೂ ಓಗೊಡುವುದಿಲ್ಲ. //*:ಸದಸ್ಯ ಎಂದು ಬರೆದರೆ 'ಯಾವ ಮನೆತನವಾದರೂ ಸರಿ' ಎಂದಾಗುತ್ತದೆ.

ಸರಾಸರಿ ವಯಸ್ಸು ಕೇಳಿದಾಗ ದೋಷ ಬಂದರೆ ಎಲ್ಲೋ ವಯಸ್ಸು ಖಾಲಿ ಬಿಟ್ಟಿದ್ದಾರೆ. ಒಂದಕ್ಷರವೂ ಇಲ್ಲದ ಖಾಲಿ ಉತ್ತರ ಸಂಖ್ಯೆಯಾಗದು. //ವಯಸ್ಸು[. != ""] ಎಂದು ಸೋಸಿ ಮುಂದುವರಿಯಿರಿ. ಹಾಗೆ ಬಿಟ್ಟವು ಎಷ್ಟು ಎಂದು ಎಣಿಸಿಡುವುದೂ ಒಳ್ಳೆಯದು, ಯಾರಾದರೂ ಕೇಳಿಯೇ ಕೇಳುತ್ತಾರೆ.

ಇನ್ನು ನೀರಿನ ಉತ್ತರ. ಒಂದಕ್ಕಿಂತ ಹೆಚ್ಚು ಆಯ್ಕೆಗೆ ಅವಕಾಶವಿದ್ದರೆ ಒಡಿಕೆ ಎಲ್ಲವನ್ನೂ ಖಾಲಿ ಜಾಗ ಬಿಟ್ಟು ಒಂದೇ ಡಬ್ಬಿಯಲ್ಲಿ ತುಂಬುತ್ತದೆ: 'ನಲ್ಲಿ ಬಾವಿ'. ನೀರು = "ನಲ್ಲಿ" ಎಂದರೆ ಈ ಮನೆ ಸಿಗದು. ಕಂಟೇನ್ಸ್ ಬಳಸಿದರೆ ಸಿಗುತ್ತದೆ, ಜೊತೆಗೆ 'ಬೀದಿನಲ್ಲಿ' ಎಂದು ಆರಿಸಿದವರೂ ಬರುತ್ತಾರೆ, ಆ ಪದದ ಹೊಟ್ಟೆಯಲ್ಲೂ 'ನಲ್ಲಿ' ಇದೆಯಲ್ಲ. ಟೋಕನೈಸ್ ಬಳಸಿ ಪದಪದವಾಗಿ ಬಿಡಿಸಿ ನೋಡಬೇಕು:

//ಅರ್ಜಿ[ಟೋಕನೈಸ್(ನೀರು) = "ನಲ್ಲಿ"]

ಇಲ್ಲಿ ಗುಂಪು ಹೋಲಿಕೆ ನಮ್ಮ ಪರ ಕೆಲಸ ಮಾಡುತ್ತದೆ.

ಒಂದು ಅಭ್ಯಾಸ

ಹತ್ತೇ ಫಾರಂಗಳನ್ನು ಬೇರೆ ಫೋಲ್ಡರಿಗೆ ಹಾಕಿ. ನೀರಿನ ಮೂಲವಾರು ಮನೆಗಳನ್ನು ಪೆನ್ನು ಕಾಗದ ಹಿಡಿದು ಎಣಿಸಿ. ಆಮೇಲೆ ಇದನ್ನು ಓಡಿಸಿ. ಗುಂಪು ಮಾಡುವ ಗ್ರೂಪ್ ಬೈ ಭಾಷೆಗೆ ಸೇರಿದ್ದು 2014ರ 3.0 ಆವೃತ್ತಿಯಲ್ಲಿ; || ಎಂದರೆ ಎರಡನ್ನು ಒಂದಾಗಿ ಜೋಡಿಸು:

ಫಾರ್ $ಅ ಇನ್ //ಅರ್ಜಿ
ಫಾರ್ $ನ ಇನ್ ಟೋಕನೈಸ್($ಅ/ನೀರು)
ಗ್ರೂಪ್ ಬೈ $ನ
ರಿಟರ್ನ್ $ನ || " " || ಕೌಂಟ್($ಅ)

ಕೌಂಟ್‌ನೊಳಗೆ $ನ ಹಾಕಿದರೆ ಎಲ್ಲ ಸಾಲಿನಲ್ಲೂ 1 ಎಂದೇ ಬರುತ್ತದೆ, ಒಮ್ಮೆ ಹಾಕಿ ನೋಡಿ. ಸರಿಯಾಗಿ ಓಡಿಸಿದಾಗಲೂ ಒಟ್ಟು ಕೂಡಿದರೆ ಹತ್ತು ಮನೆಗೆ ಹದಿಮೂರೋ ಹದಿನಾಲ್ಕೋ ಬರಬಹುದು. ಅದು ತಪ್ಪಲ್ಲ, 17ನೇ ಮನೆ ನಲ್ಲಿಯ ಸಾಲಿನಲ್ಲೂ ಇದೆ, ಬಾವಿಯ ಸಾಲಿನಲ್ಲೂ ಇದೆ. ಕೋಷ್ಟಕದ ಕೆಳಗೆ 'ಒಂದು ಮನೆಗೆ ಒಂದಕ್ಕಿಂತ ಹೆಚ್ಚು ಮೂಲ ಇರಬಹುದು' ಎಂದು ಬರೆದೇ ಕಳುಹಿಸಿ, ಇಲ್ಲವಾದರೆ ಸಂಜೆಯೊಳಗೆ ಫೋನ್ ಬರುತ್ತದೆ.